ಸರಿಯುವುದು ಎಷ್ಟು ಸರಿ?

ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣ ತೀರ ಚಿಕ್ಕದು. ಮೈಸೂರು ಜಂಕ್ಷನ್ನಿನಿಂದ ನಂಜನಗೂಡು, ಚಾಮರಾಜನಗರಗಳ ಕಡೆಗೆ ಹೊರಟ ಪ್ಯಾಸೆಂಜರ್ ಗಾಡಿ ಅಶೋಕಪುರಂ ತಲಪುವ ಮುನ್ನ ಇಲ್ಲಿ ಅರೆಗಳಿಗೆ ನಿಂತು ಮುಂದೆ ಸಾಗುತ್ತದೆ. ಆ ಅರೆಗಳಿಗೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳು, ಕಚೇರಿಯ ನೌಕರರು, ಪೇಟೆಯ ಕೆಲಸ ಮುಗಿಸಿಕೊಂಡು ಊರಿಗೆ ಮರಳುವ ಹಳ್ಳಿಯ ಹಿರಿಯರು ಬೋಗಿಯೊಳಗೆ ಸೇರಿಕೊಳ್ಳುತ್ತಾರೆ. ಮೂವರು ಕುಳಿತ ಆಸನದೆದುರು ನಾಲ್ಕನೆಯವರೊಬ್ಬರು ಬಂದು ನಿಲ್ಲುತ್ತಾರೆ. ಅವರ ಬಾಯಿಂದ ಹೊರಡುವ ಮಾತು ನಮಗೆಲ್ಲರಿಗೂ ಕಂಠಪಾಠ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.' ಕುಳಿತವರು ಹೆಚ್ಚು ಮಾತಿಲ್ಲದೆ ಮೈ ಕುಗ್ಗಿಸಿ ಅಂಗೈಯಗಲದ ಜಾಗ ಮಾಡಿಕೊಡುತ್ತಾರೆ. ಟಿಕೆಟ್ಟಿನಲ್ಲಿ ಬರೆಯದ, ಯಾವ ಕಾನೂನೂ ವಿಧಿಸದ ಒಂದು ಸೌಜನ್ಯ ಅಲ್ಲಿ ನೆರವೇರುತ್ತದೆ.

ಇಂಗ್ಲಿಷಿನ ಈ ಪದ ನಮ್ಮ ನಾಡಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಇಂಗ್ಲಿಷಿನ ಒಂದಕ್ಷರವನ್ನೂ ಓದದ ಅಜ್ಜಿಯೂ ಅದನ್ನು ಲೀಲಾಜಾಲವಾಗಿ ಬಳಸುತ್ತಾಳೆ. ಚಿಲ್ಲರೆಯಿಲ್ಲದ ಅಂಗಡಿಯವನು ಎರಡು ರೂಪಾಯಿಯ ಬದಲು ಪೆಪ್ಪರಮಿಂಟು ಕೊಟ್ಟು ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುತ್ತಾನೆ. ತಿಂಗಳ ಕೊನೆಯಲ್ಲಿ ಸ್ನೇಹಿತನು ಐನೂರು ರೂಪಾಯಿ ಅಡ್ಜಸ್ಟ್ ಮಾಡುವೆಯಾ ಎಂದು ಕೇಳುತ್ತಾನೆ. ಅಲ್ಲಿ ಅದು ಸಾಲದ ಮರ್ಯಾದೆಯ ಹೆಸರು. ಶಾಲೆಯಲ್ಲಿ ರಜೆ ಹಾಕಿದ ಶಿಕ್ಷಕರ ಪಾಠವನ್ನು ಇನ್ನೊಬ್ಬರಿಗೆ ವಹಿಸುವುದು ಅಡ್ಜಸ್ಟ್‌ಮೆಂಟ್. ಪರಸ್ಪರ ವಿರೋಧಿಸಬೇಕಾದ ಪಕ್ಷಗಳು ಒಳಗೊಳಗೇ ಕೈಕುಲುಕಿದರೆ ಅದು ಅಡ್ಜಸ್ಟ್‌ಮೆಂಟ್ ರಾಜಕಾರಣ. ಗಂಡನ ಮನೆಯಲ್ಲಿ ನೊಂದು ತವರಿಗೆ ಬಂದ ಮಗಳಿಗೆ ಹಿರಿಯರು ಹೇಳುವ ಬುದ್ಧಿಮಾತೂ ಇದೇ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ.'

ರೈಲಿನ ಆಸನದಲ್ಲಿ ಸೌಜನ್ಯವಾಗಿದ್ದ ಮಾತು ಇಲ್ಲಿ ಏನಾಯಿತು? ಒಂದೇ ಪದವು ಔದಾರ್ಯಕ್ಕೂ ಅನ್ಯಾಯಕ್ಕೂ ಸಮಾನವಾಗಿ ಸಲ್ಲುವುದಾದರೆ, ಅದನ್ನು ಆಡುವ ಮುನ್ನ ನಾವು ಯೋಚಿಸಬೇಕಾದುದಿದೆ.

ಈ ಪದಕ್ಕೆ ಕನ್ನಡದಲ್ಲಿ ಸಮಾನಾರ್ಥಕ ಪದಗಳಿಗೆ ಕೊರತೆಯಿಲ್ಲ. ಆದರೆ ಅವುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಯಾವ ಎರಡು ಪದಗಳೂ ಪೂರ್ಣವಾಗಿ ಸಮಾನಾರ್ಥಕವಲ್ಲವೆಂಬುದು ತಿಳಿಯುತ್ತದೆ. 'ಹೊಂದಿಕೊಳ್ಳು' ಎಂಬಲ್ಲಿ ಎರಡು ಕಡೆಯವರಿದ್ದಾರೆ. ಬಾಗಿಲು ಚೌಕಟ್ಟಿಗೆ ಹೊಂದುವಂತೆ ಒಂದು ಇನ್ನೊಂದರೊಡನೆ ಕೂಡಿಕೊಳ್ಳಬೇಕು. 'ಅನುಸರಿಸಿಕೊಂಡು ಹೋಗು' ಎಂದಾಗ ಮುಂದೆ ನಡೆಯುವವರೊಬ್ಬರು, ಹಿಂದೆ ನಡೆಯುವವರೊಬ್ಬರು. 'ಒಗ್ಗಿಕೊಳ್ಳು' ಎಂಬುದು ದೇಹದ ಮಾತು. ಹೊಸ ಊರಿನ ನೀರಿಗೆ, ಹವೆಗೆ ಮೈ ಒಗ್ಗುತ್ತದೆ. 'ಸಹಿಸು' ಎನ್ನುವವರು ನೋವಿದೆಯೆಂದು ಒಪ್ಪಿಕೊಂಡೇ ಮಾತನಾಡುತ್ತಾರೆ. 'ತಾಳು' ಎಂಬುದರಲ್ಲಿ ಭಾರವೂ ಇದೆ, ಅದನ್ನು ಹೊರುವ ಬಲವೂ ಇದೆ, ಸ್ವಲ್ಪ ಹೊತ್ತು ಎಂಬ ಕಾಲದ ಮಿತಿಯೂ ಇದೆ. 'ಸುಧಾರಿಸಿಕೊಳ್ಳು' ಎಂದರೆ ಮುಂದೆ ಒಳ್ಳೆಯದಾಗುವವರೆಗೆ ಹೇಗೋ ನಡೆಸು ಎಂದರ್ಥ. 'ತೂಗಿಸು' ಎಂಬುದು ಗೃಹಿಣಿಯ ಜಾಣ್ಮೆ. ಬರುವ ಸಂಬಳವನ್ನೂ ಆಗುವ ಖರ್ಚನ್ನೂ ಆಕೆ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸಮ ಮಾಡುತ್ತಾಳೆ. 'ರಾಜಿ'ಯಲ್ಲಿ ಎರಡು ಪಕ್ಷಗಳೂ ಒಂದಿಷ್ಟು ಕಳೆದುಕೊಳ್ಳುತ್ತವೆ. 'ಬಿಟ್ಟುಕೊಡು' ಎಂಬಲ್ಲಿ ಕೊಡುವವನದೇ ಆದ ಹಕ್ಕೊಂದಿತ್ತೆಂಬ ಅರಿವು ಉಳಿದಿರುತ್ತದೆ.

'ಅಡ್ಜಸ್ಟ್' ಈ ಎಲ್ಲ ಪದಗಳನ್ನೂ ನುಂಗಿಕೊಂಡಿದೆ. ಅನುಕೂಲವೇನೋ ನಿಜ, ಒಂದೇ ಪದದಿಂದ ಹತ್ತು ಕೆಲಸ. ಆದರೆ ನಷ್ಟವೂ ಇದೆ. ಮಗಳಿಗೆ 'ಸಹಿಸಿಕೋ' ಎಂದು ಹೇಳಬೇಕಾಗಿ ಬಂದರೆ, ಅವಳಿಗೆ ನೋವಾಗುತ್ತಿದೆಯೆಂದು ಹೇಳುವವರು ಒಪ್ಪಿಕೊಳ್ಳಬೇಕಾಗುತ್ತದೆ. 'ರಾಜಿ ಮಾಡಿಕೋ' ಎಂದರೆ, ಎದುರು ಪಕ್ಷದವರು ಏನು ಬಿಟ್ಟುಕೊಡುತ್ತಾರೆಂಬ ಪ್ರಶ್ನೆ ಏಳುತ್ತದೆ. 'ತಾಳು' ಎಂದರೆ, ಎಲ್ಲಿಯವರೆಗೆ ಎಂದು ಅವಳು ಕೇಳಬಹುದು. 'ಅಡ್ಜಸ್ಟ್ ಮಾಡಿಕೋ' ಎಂದಾಗ ನೋವೂ ಕಾಣುವುದಿಲ್ಲ, ಎದುರು ಪಕ್ಷವೂ ಕಾಣುವುದಿಲ್ಲ, ಕಾಲದ ಮಿತಿಯೂ ಕಾಣುವುದಿಲ್ಲ. ಅದಕ್ಕೆ ಮುಂದೆ 'ಸ್ವಲ್ಪ' ಎಂಬ ಮೃದುವಾದ ಪದವೊಂದು ಬೇರೆ ಸೇರಿಕೊಳ್ಳುತ್ತದೆ. ಆ ಸ್ವಲ್ಪದ ಅಳತೆಯನ್ನು ಯಾರೂ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಈ ಪದದ ಹುಟ್ಟು ಸ್ವಾರಸ್ಯಕರವಾದುದು. ಹಳೆಯ ಫ್ರೆಂಚ್ ಭಾಷೆಯ ಮೂಲಕ ಅದು ಲ್ಯಾಟಿನ್ನಿನಿಂದ ಬಂದಿತು. ಅದರ ಮೂಲದಲ್ಲಿರುವುದು 'ಯುಕ್ಸ್ತಾ' ಎಂಬ ಮಾತು; ಸಮೀಪ, ಪಕ್ಕದಲ್ಲಿ ಎಂದು ಅದರ ಅರ್ಥ. ಒಂದನ್ನು ಇನ್ನೊಂದರ ಹತ್ತಿರಕ್ಕೆ ತರುವುದೇ ಅಡ್ಜಸ್ಟ್ ಮಾಡುವುದು. ಆದರೆ ಕಾಲಾನಂತರದಲ್ಲಿ ಜನ ಈ ಪದದ ಧ್ವನಿಯಲ್ಲಿ 'ಯುಸ್ತುಸ್' ಎಂಬ ಬೇರೊಂದು ಲ್ಯಾಟಿನ್ ಪದವನ್ನು ಕೇಳಿಸಿಕೊಂಡರು. ಅದರ ಅರ್ಥ ನ್ಯಾಯವಾದ, ಯುಕ್ತವಾದ ಎಂದು. ಇಂಗ್ಲಿಷಿನ 'ಜಸ್ಟಿಸ್' ಹುಟ್ಟಿದ್ದು ಅದರಿಂದಲೇ. ಹೀಗೆ ಹತ್ತಿರ ತರುವುದೆಂಬ ಅರ್ಥಕ್ಕೆ ನ್ಯಾಯಕ್ಕೆ ತಕ್ಕಂತೆ ಸರಿಪಡಿಸುವುದೆಂಬ ಛಾಯೆ ಸೇರಿಕೊಂಡಿತು. ಈ ಬೆರಕೆ ವ್ಯಾಕರಣದ ದೃಷ್ಟಿಯಿಂದ ತಪ್ಪಿರಬಹುದು. ನೀತಿಯ ದೃಷ್ಟಿಯಿಂದ ಅರ್ಥಪೂರ್ಣ.

ಇಂಗ್ಲಿಷಿನ ನಿತ್ಯ ಬಳಕೆಯಲ್ಲಿ ಈ ಕ್ರಿಯೆ ಹೆಚ್ಚಾಗಿ ವಸ್ತುಗಳಿಗೆ ಸಂಬಂಧಿಸಿದ್ದು: ತಕ್ಕಡಿಯ ಮುಳ್ಳು, ಯಂತ್ರದ ತಿರುಪು, ಗಡಿಯಾರದ ಮುಳ್ಳು. ಮೈಸೂರಿನ ದೊಡ್ಡ ಗಡಿಯಾರವನ್ನು ನೆನೆಯೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ನಿಂತ ಗೋಪುರವದು. ಅಂಥ ಗಡಿಯಾರ ಹಿಂದೆ ಬಿದ್ದರೆ ಅದನ್ನು ಅಡ್ಜಸ್ಟ್ ಮಾಡುತ್ತಾರೆ. ಅಂದರೆ ನಿಜವಾದ ಸಮಯಕ್ಕೆ ಅದನ್ನು ತರುತ್ತಾರೆ. ಗಡಿಯಾರ ತಪ್ಪಿದೆಯೆಂದು ಊರವರೆಲ್ಲ ತಮ್ಮ ಸೂರ್ಯೋದಯವನ್ನು ಹೊಂದಿಸಿಕೊಳ್ಳುವುದಿಲ್ಲ. ತಪ್ಪಿದ್ದು ಸರಿಯಾದುದರ ಕಡೆಗೆ ಸರಿಯಬೇಕು. ಸರಿಯಾದುದು ತಪ್ಪಿನ ಕಡೆಗಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಸಲ ನಡೆಯುವುದು ಇದರ ವಿಪರೀತ. ಕುಡಿದು ಬರುವವನು ಹಾಗೆಯೇ ಇರುತ್ತಾನೆ. ಉಳಿದವರೆಲ್ಲ ಅವನ ಸಿಟ್ಟಿನ ವೇಳಾಪಟ್ಟಿಗೆ ತಮ್ಮ ಊಟ, ನಿದ್ದೆ, ಮಕ್ಕಳ ಓದುಗಳನ್ನು ಹೊಂದಿಸಿಕೊಳ್ಳುತ್ತಾರೆ.

ಕನ್ನಡದಲ್ಲಿಯೂ ಇಂಥದೇ ಒಂದು ಜೋಡಿ ಇದೆ. 'ಸರಿ' ಎಂದರೆ ಪಕ್ಕಕ್ಕೆ ಜರುಗು ಎಂಬ ಕ್ರಿಯೆ. 'ಸರಿ' ಎಂದರೆ ಯುಕ್ತವಾದದ್ದು, ಸಮವಾದದ್ದು ಎಂಬ ಗುಣ. ಎರಡರ ಮೂಲ ಒಂದೇ ಎಂದು ಇಲ್ಲಿ ವಾದಿಸುತ್ತಿಲ್ಲ. ಆದರೆ 'ಸ್ವಲ್ಪ ಸರಿಯಿರಿ' ಎಂಬ ನಮ್ಮ ಹಳೆಯ ಮಾತಿನಲ್ಲಿ ಸರಿಯುವುದೂ ಸರಿಯಾಗಿರುವುದೂ ಒಂದೇ ದನಿಯಲ್ಲಿ ಕೇಳಿಸುತ್ತವೆ. ಇಂಗ್ಲಿಷಿನ ಪದದಲ್ಲಿ ಸಾಮೀಪ್ಯವೂ ನ್ಯಾಯವೂ ಬೆರೆತಂತೆ, ನಮ್ಮ ಪದದಲ್ಲಿ ಜರುಗುವಿಕೆಯೂ ಸಮತೆಯೂ ನೆರೆಹೊರೆಯಾಗಿವೆ. ಒಬ್ಬನು ಸರಿಯುವುದು ಸರಿಯೆನಿಸಬೇಕಾದರೆ ಅಲ್ಲಿ ಎರಡೂ ಇರಬೇಕು.

ಹಾಗಾದರೆ ಯಾವಾಗ ಸರಿಯುವುದು ಸರಿ? ರೈಲಿನ ಆಸನಕ್ಕೇ ಹಿಂದಿರುಗೋಣ. ಅಲ್ಲಿ ಮೂವರೂ ಕುಗ್ಗುತ್ತಾರೆ, ಒಬ್ಬನೇ ಅಲ್ಲ. ಬಂದು ಕುಳಿತ ನಾಲ್ಕನೆಯವನೂ ಅಂಚಿನಲ್ಲಿ ಅರ್ಧ ಮೈ ಇಟ್ಟೇ ಕೂರುತ್ತಾನೆ. ಅವನೂ ಅನಾನುಕೂಲದಲ್ಲಿ ಪಾಲು ಪಡೆಯುತ್ತಾನೆ. ಇಂದು ಸರಿದವನು ನಾಳೆ ನಿಂತವನಾಗಬಹುದು. ಆಗ ಅವನಿಗಾಗಿ ಇನ್ನೊಬ್ಬರು ಸರಿಯುತ್ತಾರೆ. ಮಂಡಿ ನೋಯುವ ಮುದುಕಿಯೊಬ್ಬಳು ಆಗುವುದಿಲ್ಲಪ್ಪ ಎಂದರೆ ಯಾರೂ ಅವಳನ್ನು ಎಬ್ಬಿಸುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ನಿಲ್ದಾಣ ಬರುತ್ತದೆ. ಹೊರೆಯಲ್ಲಿ ಎಲ್ಲರ ಪಾಲು, ಸರದಿಯ ಬದಲಾವಣೆ, ಇಲ್ಲವೆನ್ನುವ ಸ್ವಾತಂತ್ರ್ಯ, ಕಾಲದ ಮಿತಿ: ಈ ನಾಲ್ಕೂ ಇರುವುದರಿಂದಲೇ ಆ ಇಕ್ಕಟ್ಟು ಯಾರನ್ನೂ ಅವಮಾನಿಸುವುದಿಲ್ಲ.

ಈ ನಾಲ್ಕೂ ಇಲ್ಲದ ಆಸನವೊಂದರ ಕಥೆಯನ್ನು ಜಗತ್ತು ಮರೆತಿಲ್ಲ. 1955ರ ಡಿಸೆಂಬರ್ 1ರ ಸಂಜೆ, ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ಬಿಳಿಯನೊಬ್ಬನಿಗೆ ಜಾಗವಿಲ್ಲವೆಂದು ಆ ಸಾಲಿನಲ್ಲಿದ್ದ ನಾಲ್ವರು ಕಪ್ಪು ಪ್ರಯಾಣಿಕರೂ ಏಳಬೇಕೆಂದು ಚಾಲಕನು ಆಜ್ಞಾಪಿಸಿದನು. ಮೂವರು ಎದ್ದರು. ರೋಸಾ ತಮ್ಮ ಪಕ್ಕದವನು ಹೊರಬರಲು ದಾರಿ ಕೊಟ್ಟು, ತಾವು ಕಿಟಕಿಯ ಬದಿಗೆ ಸರಿದು ಕುಳಿತರು, ಆದರೆ ಏಳಲಿಲ್ಲ. ಅವರನ್ನು ಬಂಧಿಸಲಾಯಿತು. ಆ ಊರಿನ ಕಪ್ಪು ಜನರು 381 ದಿನ ಬಸ್ಸುಗಳನ್ನು ಬಹಿಷ್ಕರಿಸಿದರು. ಕೊನೆಗೆ 1956ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಸ್ಸಿನಲ್ಲಿನ ಆ ಬೇರ್ಪಡಿಕೆ ಸಂವಿಧಾನಬಾಹಿರವೆಂಬ ತೀರ್ಪನ್ನು ಎತ್ತಿಹಿಡಿಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರೋಸಾ ಪಾರ್ಕ್ಸ್ ಸರಿಯಲು ಒಲ್ಲದ ಹಟಮಾರಿಯಲ್ಲ. ನೆರೆಯವನಿಗೆ ದಾರಿ ಬೇಕಾದಾಗ ಅವರು ಸರಿದರು. ತನ್ನ ಚರ್ಮದ ಬಣ್ಣದ ಕಾರಣಕ್ಕೆ ಎದ್ದು ನಿಲ್ಲೆಂದಾಗ ಕುಳಿತೇ ಇದ್ದರು. ಎರಡನ್ನೂ ಮಾಡಿದ್ದು ಒಂದೇ ಮನಸ್ಸು. ಸರಿಯಬಲ್ಲವರಿಗೇ ಎಲ್ಲಿ ಸರಿಯಬಾರದೆಂಬುದೂ ಸ್ಪಷ್ಟವಾಗಿ ತಿಳಿದಿರುತ್ತದೆ.

ಆ ಬಹಿಷ್ಕಾರದ ಮುಂದಾಳಾಗಿದ್ದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಈ ಪದವನ್ನೇ ಹಿಡಿದು ಹಲವು ಬಾರಿ ಮಾತನಾಡಿದ್ದಾರೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಸಭೆಯಲ್ಲಿ ಭಾಷಣ ಮಾಡುತ್ತಾ ಅವರು ಆ ಶಾಸ್ತ್ರದ ಅಚ್ಚುಮೆಚ್ಚಿನ ಪರಿಭಾಷೆಯೊಂದನ್ನು ಪ್ರಶ್ನಿಸಿದರು. ಸಮಾಜಕ್ಕೆ ಹೊಂದಿಕೊಳ್ಳದವನನ್ನು ರೋಗಿಯೆಂದು ನೋಡುವ ವಾಡಿಕೆ ಅಲ್ಲಿತ್ತು. ಮನಸ್ಸಿನ ಆರೋಗ್ಯಕ್ಕೆ ಹೊಂದಾಣಿಕೆ ಬೇಕೆಂಬುದನ್ನು ಕಿಂಗ್ ಅಲ್ಲಗಳೆಯಲಿಲ್ಲ. ಆದರೆ ವರ್ಣಭೇದಕ್ಕೆ, ಬಡವನ ಅನ್ನವನ್ನು ಕಸಿಯುವ ವ್ಯವಸ್ಥೆಗೆ, ಯುದ್ಧದ ಹುಚ್ಚಿಗೆ ತಾವು ಎಂದೂ ಹೊಂದಿಕೊಳ್ಳುವುದಿಲ್ಲವೆಂದೂ, ಸಜ್ಜನರು ಯಾರೂ ಹೊಂದಿಕೊಳ್ಳಬಾರದೆಂದೂ ಸಾರಿದರು.

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನು ಎತ್ತಬಹುದು. ದೂರದ ಅಮೆರಿಕದ ಬಸ್ಸು ಬೇರೆ, ನಮ್ಮ ಮನೆ ಬೇರೆ. ಹೊಂದಾಣಿಕೆಯಿಲ್ಲದೆ ಸಂಸಾರ ನಿಲ್ಲುವುದೇ? ಈ ಆಕ್ಷೇಪದಲ್ಲಿ ನಿಜವಿದೆ. ಉಪ್ಪು ಹೆಚ್ಚಾದ ಸಾರು, ತಡವಾಗಿ ಏಳುವ ಅಭ್ಯಾಸ, ಅತ್ತೆಯ ಗೊಣಗಾಟ, ಗಂಡನ ಮರೆವು, ಇವುಗಳನ್ನು ನುಂಗಿಕೊಳ್ಳಲಾರದವರು ಯಾರೊಡನೆಯೂ ಬಾಳಲಾರರು. ಆದರೆ ಹೊಡೆತ ಸಾರಿನ ಉಪ್ಪಲ್ಲ. ವರದಕ್ಷಿಣೆಯ ಬೇಡಿಕೆ ಸ್ವಭಾವದ ಭಿನ್ನತೆಯಲ್ಲ. ಈ ದೇಶ ವರದಕ್ಷಿಣೆಯನ್ನು 1961ರಲ್ಲೇ ಕಾನೂನಿನಿಂದ ನಿಷೇಧಿಸಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು 1983ರಲ್ಲಿ ದಂಡಸಂಹಿತೆಯ ಅಪರಾಧವಾಗಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಅಪರಾಧವೇ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಮಾತಿನ ಹಿಂಸೆಯನ್ನೂ ಹಣದ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸಿ, ಹೆಣ್ಣಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕಾಪಾಡಿತು. ಕಾನೂನು ಅಪರಾಧವೆಂದು ಹೆಸರಿಟ್ಟದ್ದನ್ನು ನಾವು ಅಡ್ಜಸ್ಟ್‌ಮೆಂಟ್ ಎಂದು ಮರುನಾಮಕರಣ ಮಾಡುವುದು ಯಾವ ನೀತಿ?

ಮೇಲಿನ ನಾಲ್ಕು ಪ್ರಶ್ನೆಗಳನ್ನು ಆ ಮನೆಗೂ ಹಾಕಿ ನೋಡಬಹುದು. ಅಲ್ಲಿ ಕುಗ್ಗುವವರು ಎಷ್ಟು ಮಂದಿ? ಸರದಿ ಎಂದಾದರೂ ಬದಲಾಗುತ್ತದೆಯೇ? ಅವಳು ಇಲ್ಲವೆಂದರೆ ಏನಾಗುತ್ತದೆ? ಮುಂದಿನ ನಿಲ್ದಾಣ ಯಾವಾಗ? ನಾಲ್ಕಕ್ಕೂ ಉತ್ತರ ದೊರೆಯದಿದ್ದರೆ ಅಲ್ಲಿ ನಡೆಯುತ್ತಿರುವುದು ಹೊಂದಾಣಿಕೆಯಲ್ಲ. ಒಬ್ಬರನ್ನು ಎಬ್ಬಿಸಿ ನಿಲ್ಲಿಸುವ ಕೆಲಸ.

'ಅವಳೇನೂ ದೂರು ಹೇಳಲಿಲ್ಲವಲ್ಲ, ಸಂತೋಷವಾಗಿಯೇ ಇದ್ದಳು' ಎಂಬ ಸಮಾಧಾನವೂ ನಂಬತಕ್ಕದ್ದಲ್ಲ. ಅರ್ಥಶಾಸ್ತ್ರಕ್ಕಾಗಿ 1998ರ ನೊಬೆಲ್ ಪುರಸ್ಕಾರ ಪಡೆದ ಅಮರ್ತ್ಯ ಸೇನ್ ತಮ್ಮ ಬರಹಗಳಲ್ಲಿ ಈ ವಿಷಯವನ್ನು ಮತ್ತೆ ಮತ್ತೆ ವಿವರಿಸಿದ್ದಾರೆ. ದೀರ್ಘಕಾಲ ವಂಚಿತರಾದವರು ಬದುಕುಳಿಯುವುದಕ್ಕಾಗಿ ತಮ್ಮ ಆಸೆಗಳನ್ನೇ ಕುಗ್ಗಿಸಿಕೊಳ್ಳುತ್ತಾರೆ; ಸಿಕ್ಕಷ್ಟರಲ್ಲಿ ಸುಖ ಕಾಣಲು ಕಲಿಯುತ್ತಾರೆ. ಆದ್ದರಿಂದ ಅವರ ತೃಪ್ತಿಯನ್ನು ಅಳೆದು ಅವರ ಸ್ಥಿತಿ ಚೆನ್ನಾಗಿದೆಯೆಂದು ತೀರ್ಮಾನಿಸಲಾಗದು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಿಗೆ ಹಸಿವು ಕಡಿಮೆಯೆಂದು ಮಕ್ಕಳು ನಂಬಿಬಿಡುತ್ತಾರೆ. ಅವಳೂ ಹಾಗೆಂದೇ ಹೇಳುತ್ತಾಳೆ, ಕೊನೆಗೆ ಹಾಗೆಂದೇ ನಂಬುತ್ತಾಳೆ.

ಧಾರ್ಮಿಕರಾದವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ತಾಳ್ಮೆಯನ್ನು ಬೋಧಿಸುವುದು ಸುಲಭ, ಅದರಲ್ಲೂ ತಾಳಬೇಕಾದವರು ಬೇರೆಯವರಾದಾಗ. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಾಳ್ಮೆಯನ್ನು ಧೈರ್ಯವೆಂಬ ಸದ್ಗುಣದ ಬಳಗದಲ್ಲಿ ಸೇರಿಸಿದರು, ದೌರ್ಬಲ್ಯದ ಬಳಗದಲ್ಲಲ್ಲ. ದುಃಖಕ್ಕೆ ಸೋತು ಒಳಿತನ್ನು ಕೈಬಿಡದಿರುವ ಬಲವೇ ಅವರ ದೃಷ್ಟಿಯಲ್ಲಿ ತಾಳ್ಮೆ. ಅನ್ಯಾಯವನ್ನು ಕಂಡೂ ಯುಕ್ತವಾದ ಕೋಪವೇ ಬಾರದಿರುವುದನ್ನು ಅವರು ದೋಷವೆಂದೇ ಪರಿಗಣಿಸಿದರು. ಇನ್ನೊಂದು ಕೆನ್ನೆಯನ್ನು ತೋರಿಸೆಂದು ಬೋಧಿಸಿದ ಯೇಸುಸ್ವಾಮಿಯೇ ವಿಚಾರಣೆಯ ವೇಳೆ ಕಾವಲಿನವನು ಕೆನ್ನೆಗೆ ಹೊಡೆದಾಗ ಏನು ಮಾಡಿದರೆಂಬುದನ್ನು ಸಂತ ಯೊವಾನ್ನರ ಶುಭಸಂದೇಶ ದಾಖಲಿಸಿದೆ. ಅವರು ತಿರುಗಿ ಹೊಡೆಯಲಿಲ್ಲ. ಹಾಗೆಂದು ಸುಮ್ಮನೆ ತಲೆತಗ್ಗಿಸಲೂ ಇಲ್ಲ. ತಾವು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸಬೇಕೆಂದೂ, ಇಲ್ಲವಾದರೆ ಹೊಡೆದುದಕ್ಕೆ ಕಾರಣ ಹೇಳಬೇಕೆಂದೂ ಕೇಳಿದರು. ದ್ವೇಷವಿಲ್ಲದೆ ಪ್ರಶ್ನಿಸುವುದು ಸಾಧ್ಯವೆಂದು ಆ ಘಳಿಗೆ ತೋರಿಸಿಕೊಟ್ಟಿತು. ಶಿಲುಬೆಯನ್ನು ಹೊರುವುದು ಒಂದು. ಇನ್ನೊಬ್ಬರ ಹೆಗಲ ಮೇಲೆ ಶಿಲುಬೆಯನ್ನಿಟ್ಟು ತಾಳಿಕೋ ಎನ್ನುವುದು ಮತ್ತೊಂದು.

ಕುಳಿತವರು ಸರಿಯಬೇಕಾದ ಸಂದರ್ಭ ಒಂದು ನಾಡಿಗೂ ಬರಬಹುದು. ಅಂಥ ಒಂದು ನಿದರ್ಶನ ಮೈಸೂರು ಸಂಸ್ಥಾನದ ಇತಿಹಾಸದಲ್ಲಿಯೇ ಇದೆ. ಶತಮಾನದ ಹಿಂದೆ ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣ ಸಮುದಾಯದವರೇ ಬಹುಪಾಲು ಇದ್ದರು; ಉಳಿದ ಸಮುದಾಯಗಳು ಬಾಗಿಲಲ್ಲಿ ನಿಂತಿದ್ದವು. ಅವರ ಅಹವಾಲನ್ನು ಆಲಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. 1919ರಲ್ಲಿ ವರದಿ ಸಲ್ಲಿಸಿದ ಸಮಿತಿ, ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಿನಷ್ಟೂ ಬ್ರಾಹ್ಮಣೇತರ ಸಮುದಾಯಗಳಿಗೆ ಸಲ್ಲಬೇಕೆಂದು ಸೂಚಿಸಿತು. ಅರ್ಹತೆಯೊಂದೇ ಮಾನದಂಡವಾಗಿರಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಹಾದಿ ಸಮ್ಮತವಾಗಿರಲಿಲ್ಲ. ಪ್ರಾಮಾಣಿಕರಲ್ಲೂ ಇಂಥ ಪ್ರಶ್ನೆಯಲ್ಲಿ ಭಿನ್ನಮತವಿರುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ನಿಂತವರಿಗೆ ಇನ್ನೂ ಸ್ವಲ್ಪ ಕಾಲ ನಿಂತಿರಿ, ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಅಲ್ಲಿ ಹೇಳಲಿಲ್ಲ. ಕುಳಿತವರು ಎಷ್ಟು ಸರಿಯಬೇಕು, ಎಷ್ಟು ವರ್ಷದಲ್ಲಿ ಎಂಬುದನ್ನು ಅಂಕಿಗಳಲ್ಲಿ ಬರೆದರು. 'ಸ್ವಲ್ಪ' ಎಂಬುದಕ್ಕೆ ಅಳತೆ ದೊರೆಯಿತು.

ಆದರೆ ಈ ಮಾತುಗಳನ್ನು ಸ್ವಾರ್ಥಕ್ಕೆ ಊರುಗೋಲಾಗಿಸಿಕೊಳ್ಳುವ ಅಪಾಯವನ್ನೂ ಮರೆಯಬಾರದು. ಪಕ್ಕದ ಜಾಗದಲ್ಲಿ ಚೀಲವಿಟ್ಟು ನಿದ್ದೆಯ ನಟನೆ ಮಾಡುವ ಪ್ರಯಾಣಿಕನೂ ನಾನು ಯಾರಿಗೂ ಅಡ್ಜಸ್ಟ್ ಆಗುವವನಲ್ಲ ಎಂದು ಹೆಮ್ಮೆಪಡಬಹುದು. ವಯಸ್ಸಾದ ತಂದೆತಾಯಿಗಳ ಕೆಮ್ಮನ್ನು ಸಹಿಸಲಾರದ ಮಗನೂ ತನ್ನ ಸ್ವಾತಂತ್ರ್ಯದ ಮಾತಾಡಬಹುದು. ಅಂಥವರಿಗೆ ರೋಸಾ ಪಾರ್ಕ್ಸ್ ಹೆಸರು ಹೇಳುವ ಅರ್ಹತೆಯಿಲ್ಲ. ತನ್ನ ಸೌಕರ್ಯಕ್ಕಾಗಿ ಸರಿಯದಿರುವುದು ಬೇರೆ, ತನ್ನ ಮನುಷ್ಯತ್ವಕ್ಕಾಗಿ ಸರಿಯದಿರುವುದು ಬೇರೆ. ಸೌಕರ್ಯವನ್ನು ಧಾರಾಳವಾಗಿ ಬಿಟ್ಟುಕೊಡಬಹುದು, ಕೊಡಬೇಕು ಕೂಡ. ಘನತೆಯನ್ನು ಬಿಟ್ಟುಕೊಡೆಂದು ಕೇಳುವ ಹಕ್ಕು ತಂದೆಗೂ ಇಲ್ಲ, ಗಂಡನಿಗೂ ಇಲ್ಲ, ಧರ್ಮಗುರುವಿಗೂ ಇಲ್ಲ.

ನಮ್ಮ ಭಾಷೆಯ ವ್ಯಾಕರಣವೇ ಇಲ್ಲಿ ನಮಗೊಂದು ದಾರಿ ತೋರುತ್ತದೆ. 'ಮಾಡು' ಎಂಬ ಕ್ರಿಯೆಗೆ 'ಕೊಳ್ಳು' ಸೇರಿದರೆ ಅದು ತನಗಾಗಿ, ತನ್ನ ಮೇಲೆ ನಡೆಸಿಕೊಳ್ಳುವ ಕೆಲಸ; 'ಕೊಡು' ಸೇರಿದರೆ ಇನ್ನೊಬ್ಬರಿಗಾಗಿ ಮಾಡುವ ಕೆಲಸ. ನಾವು ದಿನವೂ ಇನ್ನೊಬ್ಬರಿಗೆ 'ಮಾಡಿಕೊಳ್ಳಿ' ಎನ್ನುತ್ತೇವೆ. 'ಮಾಡಿಕೊಡುತ್ತೇನೆ' ಎಂದು ನಾವೇ ಹೇಳುವುದು ಅಪರೂಪ. ಪ್ರಿಯ ಓದುಗರೇ, ಈ ತಿಂಗಳು ನಮ್ಮ ಮನೆಯಲ್ಲಿ, ಕಚೇರಿಯಲ್ಲಿ ಈ ಮಾತನ್ನು ಆಡುವ ಮೊದಲು ಒಮ್ಮೆ ಅದಕ್ಕೆ ಕನ್ನಡದ ಒಂದು ನಿರ್ದಿಷ್ಟ ಪದವನ್ನು ಹುಡುಕಿ ನೋಡೋಣ. ನಾನು ಕೇಳುತ್ತಿರುವುದು ಸಹನೆಯೇ, ರಾಜಿಯೇ, ತ್ಯಾಗವೇ? ಎಷ್ಟು ಕಾಲಕ್ಕೆ? ಅದರಲ್ಲಿ ನನ್ನ ಪಾಲೆಷ್ಟು? ಪದ ಸಿಕ್ಕಿತೆಂದರೆ ಕೇಳೋಣ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಪದವೇ ಸಿಕ್ಕಿದರೆ, ಕೇಳುವುದನ್ನು ಬಿಟ್ಟು ಮೊದಲು ನಾವೇ ಸರಿದು ಜಾಗ ಮಾಡಿಕೊಡೋಣ. ತವರಿಗೆ ಬಂದ ಮಗಳಿಗೂ ಅಷ್ಟೇ. ಅವಳು ಬಾಗಿಲಲ್ಲಿ ನಿಂತಾಗ ಬುದ್ಧಿಮಾತು ಹೇಳುವ ಮುಂಚೆ, ಒಳಗೆ ಬಾ, ಕೂರು, ಏನಾಯಿತು ಹೇಳು ಎನ್ನುವಷ್ಟು ಜಾಗ ನಮ್ಮ ಮನೆಯಲ್ಲಿರಲಿ.